ಕರೆದರೆ ಬಾರದ ನಾಯಿ

— ದೊಡ್ಡಪ್ಪ, ಬಾಗಲಕೋಟೆ ಕಡೆ ಅಷ್ಟು ವರ್ಷ ಪಶುವೈದ್ಯರಾಗಿದ್ದವರು ನೀವು, ಅದಕ್ಕೇ ನಿಮ್ಮನ್ನು ಕೇಳೋಣ ಅಂತ ಬಂದೆ. ನಮ್ಮ ಮುಧೋಳ ಮರಿಗೆ ಈಗ ಎಂಟು ತಿಂಗಳು. ಮೊದಮೊದಲು ಬಂಗಾರದಂತಿತ್ತು. ಈಗ ಒಂದು ಮಾತೂ ಕೇಳುವುದಿಲ್ಲ. ಪಾರ್ಕಿನಲ್ಲಿ ಬಿಟ್ಟರೆ ಕರೆದಷ್ಟೂ ದೂರ ಓಡುತ್ತದೆ. ‘ನಾಯಿ ಬಾಲ ಡೊಂಕು, ಸುಮ್ಮನೆ ಒದ್ದಾಡಬೇಡ’ ಅನ್ನುತ್ತಾರೆ ಅತ್ತೆ. ಯಾರಾದರೂ ತೋಟದವರಿಗೆ ಕೊಟ್ಟುಬಿಡೋಣ ಅಂತ ಇವರು.

— ಕೊಡುವ ಮಾತು ಆಮೇಲೆ ಆಡೋಣ. ಮೊದಲು ಇದು ಹೇಳು. ಕರೆದಾಗ ಅದು ಬಂದರೆ ನೀವೇನು ಮಾಡುತ್ತೀರಿ?

— ಇನ್ನೇನು ಮಾಡುವುದು? ಚೈನು ಹಾಕಿ ಮನೆಗೆ ಕರೆದುಕೊಂಡು ಬರುತ್ತೇವೆ.

— ಮನೆಯೊಳಗೆ ಯಾವ ಯಾವ ಹೊತ್ತಿನಲ್ಲಿ ಕರೆಯುತ್ತೀರಿ?

— ಸ್ನಾನ ಮಾಡಿಸುವಾಗ. ಮಾತ್ರೆ ನುಂಗಿಸುವಾಗ, ಉಗುರು ಕತ್ತರಿಸುವಾಗ. ನೆಂಟರು ಬಂದರೆ ಕಟ್ಟಿಹಾಕುವುದಕ್ಕೆ. ಚಪ್ಪಲಿ ಕಚ್ಚಿ ಹಾಕಿದ್ದರೆ ಬೈಯುವುದಕ್ಕೆ.

— ಊಟಕ್ಕೆ?

— ಊಟಕ್ಕೆ ಕರೆಯಬೇಕಾಗಿಯೇ ಇಲ್ಲ ದೊಡ್ಡಪ್ಪ. ತಟ್ಟೆಯ ಸದ್ದು ಕೇಳಿದರೆ ಸಾಕು, ಹಾರಿ ಬರುತ್ತದೆ.

— ಉತ್ತರ ನೀನೇ ಹೇಳಿಬಿಟ್ಟೆ. ತಟ್ಟೆಯ ಸದ್ದಿನ ಹಿಂದೆ ಪ್ರತಿಸಲವೂ ಊಟ ಬಂದಿದೆ, ಆದ್ದರಿಂದ ಆ ಸದ್ದಿಗೆ ಅದು ಹಾರಿ ಬರುತ್ತದೆ. ‘ಬಾ’ ಎಂಬ ಕರೆಯ ಹಿಂದೆ ಪ್ರತಿಸಲವೂ ಚೈನು, ತಣ್ಣೀರು, ಕಹಿ ಮಾತ್ರೆ, ಬೈಗುಳ ಬಂದಿವೆ. ಹಾಗಾಗಿ ಆ ಕರೆಗೆ ದೂರ ಓಡುತ್ತದೆ. ಎರಡನ್ನೂ ಅದು ಒಂದೇ ಬುದ್ಧಿಯಿಂದ ಕಲಿತಿದೆ. ಕಲಿಯುವುದಿಲ್ಲ ಅಂತ ಯಾವ ನಾಯಿಯ ಬಗ್ಗೆಯೂ ಹೇಳಲು ಬರುವುದಿಲ್ಲ ಕಣಮ್ಮ. ಎದ್ದಾಗಿನಿಂದ ಮಲಗುವ ತನಕ ಅದು ಕಲಿಯುತ್ತಲೇ ಇರುತ್ತದೆ. ನಾವು ತರಬೇತಿ ಅಂದುಕೊಳ್ಳುವುದು ಬೆಳಗಿನ ಹತ್ತು ನಿಮಿಷವನ್ನು. ಉಳಿದ ಹೊತ್ತೆಲ್ಲ ನಾವು ಏನು ಕಲಿಸುತ್ತಿದ್ದೇವೆ ಅನ್ನುವುದು ನಮಗೆ ಗೊತ್ತಿರುವುದಿಲ್ಲ.

— ಹಾಗಾದರೆ ಈಗ ‘ಬಾ’ ಅನ್ನುವುದನ್ನೇ ನಿಲ್ಲಿಸಬೇಕೆ?

— ನಿಲ್ಲಿಸು. ಆ ಕರೆ ಕೆಟ್ಟುಹೋಗಿದೆ. ಕೆಟ್ಟದ್ದನ್ನು ಸರಿಮಾಡುವುದಕ್ಕಿಂತ ಹೊಸ ಕರೆ ಕಟ್ಟುವುದು ಸುಲಭ. ಒಂದು ಸೀಟಿ ತಗೊ. ಮನೆಯೊಳಗೆ, ಎರಡು ಹೆಜ್ಜೆ ದೂರದಿಂದ ಊದು. ಅದು ತಿರುಗಿ ನಿನ್ನ ಹತ್ತಿರ ಬಂದ ಕೂಡಲೇ ಬಾಯಿಗೆ ಒಂದು ಚೂರು ಬೇಯಿಸಿದ ಮೊಟ್ಟೆಯೋ ಕೋಳಿಯೋ ಹಾಕು. ಕಡಲೆಕಾಳಿನ ಗಾತ್ರ ಸಾಕು. ಅದು ಗಟ್ಟಿಯಾದ ಮೇಲೆ ಇನ್ನೊಂದು ಕೋಣೆಯಿಂದ, ಆಮೇಲೆ ಅಂಗಳದಲ್ಲಿ, ಕೊನೆಗೆ ಪಾರ್ಕಿನಲ್ಲಿ. ಪಾರ್ಕಿನಲ್ಲಿ ಹತ್ತು ಮೀಟರಿನ ಹಗುರವಾದ ಹಗ್ಗ ಕಟ್ಟಿಯೇ ಬಿಡಬೇಕು. ಊದು, ಬಂತು, ತಿನ್ನಿಸು, ಮತ್ತೆ ಆಟಕ್ಕೆ ಬಿಡು. ಹೆಚ್ಚಿನವರು ಮರೆಯುವುದು ಈ ಕೊನೆಯದನ್ನೇ. ಹತ್ತು ಸಲ ಕರೆದರೆ ಒಂಬತ್ತು ಸಲ ಮತ್ತೆ ಆಟಕ್ಕೆ ಬಿಡಬೇಕು. ಹತ್ತನೆಯ ಸಲ ಮನೆಗೆ ಕರೆದುಕೊಂಡು ಬಾ. ಸ್ನಾನಕ್ಕೂ ಮಾತ್ರೆಗೂ ಸೀಟಿ ಊದಲೇ ಕೂಡದು. ಅದಿರುವಲ್ಲಿಗೆ ನೀನೇ ಹೋಗಿ ಕರೆದುಕೊಂಡು ಬಾ.

— ಇವರು ಭಾನುವಾರ ಒಂದು ಗಂಟೆ ಪೂರ್ತಿ ಕೂತು ಕಲಿಸುತ್ತಾರೆ.

— ಆ ಒಂದು ಗಂಟೆಯಿಂದ ಉಪಯೋಗ ಕಡಿಮೆ. ಮರಿಯ ಗಮನ ಐದು ನಿಮಿಷ ನಿಂತರೆ ಹೆಚ್ಚು. ದಣಿದ ಮೇಲೆ ಅದು ತಪ್ಪು ಮಾಡುತ್ತದೆ, ಅದರ ತಪ್ಪಿಗೆ ಮನುಷ್ಯ ಸಿಟ್ಟಾಗುತ್ತಾನೆ, ಪಾಠ ಜಗಳದಲ್ಲಿ ಮುಗಿಯುತ್ತದೆ. ದಿನಕ್ಕೆ ಮೂರು ಸಲ, ಐದೈದು ನಿಮಿಷ. ಅದಕ್ಕೆ ಬರುವುದೊಂದನ್ನು ಮಾಡಿಸಿ, ಮೆಚ್ಚಿ, ಅಲ್ಲಿಗೇ ನಿಲ್ಲಿಸಿ.

— ಎದುರು ಮನೆಯ ಲ್ಯಾಬ್ರಡಾರ್ ನೋಡಿದರೆ ಹೊಟ್ಟೆ ಉರಿಯುತ್ತದೆ ದೊಡ್ಡಪ್ಪ. ಒಂದು ಸಲ ಕರೆದರೆ ಸಾಕು, ಎಲ್ಲಿದ್ದರೂ ಬಂದು ಕಾಲ ಬಳಿ ಕೂರುತ್ತದೆ.

— ಆ ಹೋಲಿಕೆಯನ್ನು ಇವತ್ತಿಗೇ ಬಿಡಬೇಕು. ಲ್ಯಾಬ್ರಡಾರನ್ನು ಬೆಳೆಸಿದ್ದೇ ಮನುಷ್ಯ ಗುಂಡು ಹೊಡೆದು ಬೀಳಿಸಿದ ಹಕ್ಕಿಯನ್ನು ಹೆಕ್ಕಿ ತಂದುಕೊಡಲು. ಪ್ರತಿ ಹೆಜ್ಜೆಗೂ ಯಜಮಾನನ ಮುಖ ನೋಡುವುದು ಅದರ ರಕ್ತದಲ್ಲಿದೆ. ಮುಧೋಳದ್ದು ಬೇರೆ ಕಥೆ. ಬಯಲುಸೀಮೆಯಲ್ಲಿ ದೂರದಲ್ಲೊಂದು ಮೊಲ ಅಲುಗಿದರೆ ಸಾಕು, ಕಣ್ಣಿನಿಂದಲೇ ಹಿಡಿದು, ಯಾರ ಅಪ್ಪಣೆಗೂ ಕಾಯದೆ, ತನ್ನ ನಿರ್ಧಾರದಲ್ಲಿ ಓಡುವ ನಾಯಿ ಅದು. ಮೊಲ ದಿಕ್ಕು ಬದಲಿಸಿದಾಗೆಲ್ಲ ಯಜಮಾನನ ಕಡೆ ತಿರುಗಿ ನೋಡುತ್ತಿದ್ದರೆ ಬೇಟೆ ಸಿಗುತ್ತಿತ್ತೇ? ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಆರಿಸಿ ಬೆಳೆಸಿದ್ದು ಈ ಗುಣಕ್ಕಾಗಿಯೇ. 1972ರ ಕಾಯ್ದೆ ಬಂದ ಮೇಲೆ ವನ್ಯಜೀವಿಗಳ ಬೇಟೆ ನಿಂತಿತು, ನಿಲ್ಲಲೇಬೇಕಿತ್ತು. ಆದರೆ ಓಡುವುದನ್ನು ಕಂಡರೆ ಬೆನ್ನಟ್ಟುವ ಕಣ್ಣು ನಿನ್ನ ಮರಿಯಲ್ಲಿ ಹಾಗೇ ಇದೆ. ಅಳಿಲು ಓಡಿದಾಗ ನಿನ್ನ ಕೂಗು ಅದರ ಕಿವಿಗೆ ಬಿದ್ದರೂ ಮನಸ್ಸಿಗೆ ಮುಟ್ಟುವುದಿಲ್ಲ.

— ಹಾಗಾದರೆ ಮುಧೋಳಕ್ಕೆ ಕಲಿಸಲಾಗದು ಅಂತಲೇ?

— ಎಲ್ಲಿ ಹಾಗೆಂದೆ? 2016ರಲ್ಲಿ ಮುಧೋಳದ ಮರಿಗಳನ್ನು ತರಬೇತಿಗೆಂದು ಮೀರತ್‌ನ ಸೇನಾ ಕೇಂದ್ರಕ್ಕೆ ಕರೆದೊಯ್ದಿದ್ದರು. ಕಲಿಸಲು ಬರುತ್ತದೆ, ಕಲಿಸುವ ದಾರಿ ಬೇರೆ. ಬೇಲಿಯಿಲ್ಲದ ಜಾಗದಲ್ಲಿ ಹಗ್ಗವಿಲ್ಲದೆ ಬಿಡಬೇಡ, ಎಷ್ಟೇ ಕಲಿತಿರಲಿ. ಅದರ ಕಾಲಿಗೆ ದಿನಾ ಓಟ ಬೇಕು, ಸಂಜೆ ಚೈನು ಹಿಡಿದು ಒಂದು ಸುತ್ತು ಹೋಗಿಬಂದರೆ ಏನೂ ಆಗುವುದಿಲ್ಲ. ಸುತ್ತ ಗೋಡೆಯಿರುವ ಒಂದು ಖಾಲಿ ಸೈಟೋ ಮೈದಾನವೋ ಹುಡುಕಿ. ಇನ್ನೊಂದು ವಿಷಯ, ಕುತ್ತಿಗೆಗೆ ಯಾವ ಬೆಲ್ಟ್ ಹಾಕಿದ್ದೀರಿ?

— ಮಾಮೂಲಿ ಬೆಲ್ಟೇ. ಎರಡು ಸಲ ಕಳಚಿಕೊಂಡು ಓಡಿದೆ.

— ಕಳಚಿಕೊಳ್ಳದೆ ಇರುತ್ತದೆಯೇ. ಮುಧೋಳದ ತಲೆ ಸಣ್ಣ, ಕುತ್ತಿಗೆ ದಪ್ಪ, ಹಿಂದಕ್ಕೆ ಜಗ್ಗಿದರೆ ಸಲೀಸಾಗಿ ಜಾರುತ್ತದೆ. ಜಗ್ಗಿದಾಗ ಸ್ವಲ್ಪ ಬಿಗಿಯಾಗುವ ಅಗಲ ಪಟ್ಟಿಯ ಬೆಲ್ಟ್ ಸಿಗುತ್ತದೆ, ಅದನ್ನು ಹಾಕಿ, ಇಲ್ಲವೇ ಎದೆಗೆ ಕಟ್ಟುವ ಪಟ್ಟಿ. ಉಸಿರು ಕಟ್ಟಿಸುವ ಚೋಕ್ ಚೈನು ಮಾತ್ರ ಬೇಡ. ಆ ತೆಳ್ಳನೆಯ ಚರ್ಮ, ಉದ್ದನೆಯ ಕುತ್ತಿಗೆಗೆ ಅದು ಹಿಂಸೆ.

— ಚಪ್ಪಲಿ ವಿಷಯಕ್ಕೆ ಬನ್ನಿ. ಆಫೀಸಿನಿಂದ ಬಂದಾಗ ಚಪ್ಪಲಿಯೋ ದಿಂಬೋ ಹರಿದಿರುತ್ತದೆ. ನಮ್ಮನ್ನು ನೋಡಿದ ತಕ್ಷಣ ಬಾಲ ಮುದುರಿ, ಕಿವಿ ಇಳಿಬಿಟ್ಟು ಮೂಲೆ ಸೇರುತ್ತದೆ. ತಪ್ಪು ಮಾಡಿದ್ದು ಅದಕ್ಕೂ ಗೊತ್ತು ಅಂತ ಅಲ್ಲವೇ ಅರ್ಥ? ಗೊತ್ತಿದ್ದೂ ಮಾಡಿತಲ್ಲ ಅಂತ ಇವರಿಗೆ ಇನ್ನೂ ಸಿಟ್ಟು.

— ಈ ಒಂದು ತಪ್ಪು ತಿಳಿವಳಿಕೆಯಿಂದ ಎಷ್ಟು ನಾಯಿಗಳು ಪೆಟ್ಟು ತಿಂದಿವೆಯೋ! ಅಮೆರಿಕದ ಅಲೆಕ್ಸಾಂಡ್ರಾ ಹೊರೊವಿಟ್ಜ್ ಎನ್ನುವ ವಿಜ್ಞಾನಿ ಇದನ್ನೇ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ಯಜಮಾನರು ತಿಂಡಿಯೊಂದನ್ನು ತೋರಿಸಿ ‘ತಿನ್ನಬೇಡ’ ಎಂದು ನಾಯಿಗೆ ಹೇಳಿ ಹೊರಗೆ ಹೋಗಬೇಕು. ಕೆಲವು ಸಲ ತಿಂಡಿ ನಾಯಿಯ ಹೊಟ್ಟೆ ಸೇರುತ್ತಿತ್ತು, ಕೆಲವು ಸಲ ಇಲ್ಲ. ಯಜಮಾನರಿಗೆ ಮಾತ್ರ ಕೆಲವೊಮ್ಮೆ ನಿಜ, ಕೆಲವೊಮ್ಮೆ ಸುಳ್ಳು ಹೇಳುತ್ತಿದ್ದರು. ನಾಯಿಯ ಆ ಅಪರಾಧಿ ಮುಖ ಅದು ತಿಂದಿದೆಯೋ ಇಲ್ಲವೋ ಎನ್ನುವುದರ ಮೇಲೆ ನಿಂತಿರಲೇ ಇಲ್ಲ. ಯಜಮಾನರು ಬೈದರೆ ಮುಖ ಹಾಗಾಗುತ್ತಿತ್ತು. ಏನೂ ತಿನ್ನದೆ ಬೈಸಿಕೊಂಡ ನಾಯಿಯ ಮುಖವೇ ಹೆಚ್ಚು ಅಪರಾಧಿಯಂತೆ ಕಾಣುತ್ತಿತ್ತು.

— ಅಂದರೆ ಅದು ತಪ್ಪೊಪ್ಪಿಗೆ ಅಲ್ಲ?

— ಹೆದರಿಕೆ. ‘ಸಿಟ್ಟಾಗಬೇಡಿ’ ಎಂಬ ಬೇಡಿಕೆ. ಬೆಳಗ್ಗೆ ಹತ್ತಕ್ಕೆ ಹರಿದ ಚಪ್ಪಲಿಗೆ ಸಂಜೆ ಆರಕ್ಕೆ ಪೆಟ್ಟು ಬಿದ್ದರೆ, ನಾಯಿ ಆ ಪೆಟ್ಟನ್ನು ಚಪ್ಪಲಿಗೆ ಜೋಡಿಸುವುದಿಲ್ಲ. ನೀವು ಬಾಗಿಲು ತೆರೆದು ಒಳಗೆ ಬಂದದ್ದಕ್ಕೆ ಜೋಡಿಸುತ್ತದೆ. ಆಮೇಲೆ ನೀವು ಬರುವ ಹೊತ್ತಾದರೆ ಅದಕ್ಕೆ ದಿಗಿಲು. ದಿಗಿಲಾದ ನಾಯಿ ಇನ್ನಷ್ಟು ಕಚ್ಚಿ ಹಾಕುತ್ತದೆ. ಮೆಚ್ಚುಗೆಯಾಗಲಿ ‘ಬೇಡ’ ಅನ್ನುವುದಾಗಲಿ ಅದು ಮಾಡುತ್ತಿರುವ ಕ್ಷಣದಲ್ಲೇ ಬರಬೇಕು, ಹೆಚ್ಚೆಂದರೆ ಒಂದೆರಡು ಸೆಕೆಂಡಿನೊಳಗೆ. ಮರಿ ಮನೆಯೊಳಗೆ ಉಚ್ಚೆ ಹೊಯ್ದರೆ ಮೂತಿಯನ್ನು ಅದರಲ್ಲಿ ತಿಕ್ಕುವವರಿದ್ದಾರೆ. ಅದರಿಂದ ಮರಿ ಕಲಿಯುವುದು ಒಂದೇ: ಮನುಷ್ಯರ ಎದುರಿಗೆ ಹೊಯ್ಯಬಾರದು, ಸೋಫಾ ಹಿಂದೆ ಹೋಗಿ ಹೊಯ್ಯಬೇಕು. ನಿದ್ದೆಯಿಂದ ಎದ್ದಾಗ, ತಿಂದಾದ ಮೇಲೆ, ಆಡಿದ ಮೇಲೆ ಹೊರಗೆ ಕರೆದೊಯ್ದು, ಅಲ್ಲಿ ಹೊಯ್ದ ಕೂಡಲೇ ಮೆಚ್ಚಿದರೆ ಅದು ಬೇಗ ಕಲಿಯುತ್ತದೆ. ಚಪ್ಪಲಿಯ ವಿಷಯಕ್ಕೆ ಬಂದರೆ, ಅವನ್ನು ಗೂಡಿನಲ್ಲಿಡಿ, ಕಚ್ಚಲು ಬೇರೇನಾದರೂ ಕೊಡಿ, ದಿನವಿಡೀ ಒಂಟಿಯಾಗಿ ಬಿಟ್ಟುಹೋಗಬೇಡಿ.

— ಇವರು ಓದಿದ್ದಾರೆ, ನಾಯಿಗೆ ಮನೆಯ ಯಜಮಾನ ಯಾರು ಅಂತ ತೋರಿಸಬೇಕಂತೆ. ಬೆನ್ನ ಮೇಲೆ ಉರುಳಿಸಿ ಒತ್ತಿ ಹಿಡಿಯಬೇಕು, ನಾವು ಉಂಡ ಮೇಲೆಯೇ ಅದಕ್ಕೆ ಹಾಕಬೇಕು, ತೋಳದ ಹಿಂಡಿನಲ್ಲಿ ಹಾಗೆಯೇ ಅಂತೆ.

— ಆ ಮಾತು ಹುಟ್ಟಿದ್ದು 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳ ಬಗ್ಗೆ ಬರೆದ ಪ್ರಬಂಧದಿಂದ. ಕೂಡಿಹಾಕಿದ ಪ್ರಾಣಿಗಳು, ಹೊಡೆದಾಡುತ್ತಿದ್ದವು. ತೋಳಗಳ ಬಗ್ಗೆ ಜಗತ್ತಿಗೇ ಹೆಸರಾದ ಡೇವಿಡ್ ಮೆಕ್ 1970ರ ತಮ್ಮ ಪುಸ್ತಕದಲ್ಲಿ ಆ ಮಾತನ್ನು ಬಳಸಿದರು, ಊರೂರಿಗೆ ಹಬ್ಬಿತು. ಆಮೇಲೆ ಅವರೇ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಬೇಸಿಗೆಯಿಂದ ಬೇಸಿಗೆಗೆ ಕಾಡಿನ ತೋಳಗಳ ಜೊತೆ ಇದ್ದು ನೋಡಿದಾಗ ಕಂಡದ್ದು ಅಪ್ಪ, ಅಮ್ಮ, ಮಕ್ಕಳ ಸಂಸಾರ. ಹೊಡೆದಾಡಿ ಪಟ್ಟಕ್ಕೇರಿದ ದೊರೆ ಅಲ್ಲಿರಲಿಲ್ಲ. 1999ರಲ್ಲಿ ಅದನ್ನು ಬರೆದು ತಮ್ಮ ಹಳೆಯ ಮಾತನ್ನು ತಿದ್ದಿದರು. ವಿಜ್ಞಾನಿ ತಿದ್ದಿದರೂ ನಾಯಿ ಸಾಕುವವರು ತಿದ್ದಲಿಲ್ಲ. ಅದೂ ಅಲ್ಲದೆ ನಾಯಿ ತೋಳವಲ್ಲ. ಮುಧೋಳವನ್ನು ಉರುಳಿಸಿ ಒತ್ತಿದರೆ ಏನಾಗುತ್ತದೆ ಗೊತ್ತೇ? ಒಂದೋ ಕುಗ್ಗಿಹೋಗಿ ನಿಮ್ಮ ಕೈಗೆ ಸಿಗುವುದನ್ನೇ ಬಿಡುತ್ತದೆ, ಇಲ್ಲವೇ ಒಂದು ದಿನ ಕಚ್ಚುತ್ತದೆ. ಒಮ್ಮೆ ಕೈಯೆತ್ತಿದವರನ್ನು ಬಹಳ ಕಾಲ ನೆನಪಿಡುವ ಸೂಕ್ಷ್ಮ ತಳಿ ಅದು.

— ಕಚ್ಚುವ ಮಾತು ಬಂತಲ್ಲ, ಅದನ್ನೇ ಕೇಳಬೇಕಿತ್ತು. ಹೋದ ವಾರ ತಟ್ಟೆಯಲ್ಲಿ ತಿನ್ನುತ್ತಿದ್ದಾಗ ಮಗ ಹತ್ತಿರ ಹೋದ. ‘ಗುರ್’ ಅಂದಿತು. ಇವರು ಎರಡು ಬಿಟ್ಟರು. ಈಗ ಗುರುಗುಟ್ಟುವುದಿಲ್ಲ.

— ಮಗನಿಗೆ ವಯಸ್ಸೆಷ್ಟು?

— ಆರು.

— ಹಾಗಾದರೆ ಇದನ್ನು ಗಮನವಿಟ್ಟು ಕೇಳು, ಉಳಿದದ್ದೆಲ್ಲ ಮರೆತರೂ ಚಿಂತೆಯಿಲ್ಲ. ಗುರುಗುಟ್ಟುವುದು ನಾಯಿ ಕೊಡುವ ಎಚ್ಚರಿಕೆ. ‘ನನಗೆ ಹೆದರಿಕೆಯಾಗುತ್ತಿದೆ, ದೂರ ಹೋಗು’ ಎಂದು ಹೇಳಲು ಅದಕ್ಕಿರುವ ಸಭ್ಯ ದಾರಿ ಅದೊಂದೇ. ಹೊಡೆದು ಅದನ್ನು ನಿಲ್ಲಿಸುವುದು ಕುಕ್ಕರಿನ ಸೇಫ್ಟಿ ವಾಲ್ವನ್ನು ಮುಚ್ಚಿದ ಹಾಗೆ. ಒಳಗಿನ ಹೆದರಿಕೆ ಹೋಗಿಲ್ಲ, ಹೆಚ್ಚಾಗಿದೆ, ಯಾಕೆಂದರೆ ಈಗ ಮಗು ಹತ್ತಿರ ಬಂದರೆ ಪೆಟ್ಟೂ ಬೀಳುತ್ತದೆ ಅಂತ ಅದು ಕಲಿತಿದೆ. ‘ಏನೂ ಸುಳಿವು ಕೊಡದೆ ಕಚ್ಚಿಬಿಟ್ಟಿತು’ ಎಂದು ಆಸ್ಪತ್ರೆಗೆ ಓಡಿ ಬರುವವರ ಮನೆಗಳಲ್ಲಿ ಎಷ್ಟೋ ಸಲ ಸುಳಿವನ್ನು ಹೊಡೆದು ಅಳಿಸಿರುತ್ತಾರೆ.

— ದೊಡ್ಡಪ್ಪ, ನನಗೆ ಕೈಕಾಲು ನಡುಗುತ್ತಿದೆ.

— ಹೆದರಬೇಡ, ಮಾಡುವುದನ್ನು ಮಾಡು. ಇವತ್ತಿನಿಂದ ಅದು ಉಣ್ಣುವಾಗ, ಮಲಗಿರುವಾಗ ಮಗ ಹತ್ತಿರ ಹೋಗಕೂಡದು. ಇದರಲ್ಲಿ ರಿಯಾಯಿತಿ ಬೇಡ. ದೊಡ್ಡವರು ಮಾಡಬೇಕಾದದ್ದು ಬೇರೆ. ಅದು ಉಣ್ಣುವಾಗ ದೂರದಲ್ಲೇ ಹಾದುಹೋಗುತ್ತ ತಟ್ಟೆಯ ಕಡೆಗೆ ಅದಕ್ಕಿಂತ ರುಚಿಯಾದದ್ದೊಂದನ್ನು ಎಸೆದು ಮುಂದೆ ಹೋಗಿ. ಮನುಷ್ಯ ಹತ್ತಿರ ಬಂದರೆ ತಟ್ಟೆಗೆ ಇನ್ನಷ್ಟು ಬೀಳುತ್ತದೆ, ಕಿತ್ತುಕೊಳ್ಳುವುದಿಲ್ಲ ಎಂದು ಅದಕ್ಕೆ ಖಾತ್ರಿಯಾಗಬೇಕು. ತಟ್ಟೆಯಲ್ಲಿ ಕೈಯಾಡಿಸಿ ‘ಅಭ್ಯಾಸ’ ಮಾಡಿಸುವವರಿದ್ದಾರೆ, ಅದರಿಂದ ಜಗಳವೇ ಹುಟ್ಟುತ್ತದೆ. ಮೂರು ತಿಂಗಳಾದ ಮೇಲೆ ರೇಬಿಸ್ ಲಸಿಕೆ ಹಾಕಿಸಿದ್ದೀರಿ ತಾನೇ?

— ಹಾಕಿಸಿದ್ದೇವೆ, ಕಾರ್ಡಿದೆ.

— ವರ್ಷ ವರ್ಷ ತಪ್ಪಿಸಬೇಡಿ. ಕಚ್ಚಿದರೆ ತಕ್ಷಣ ಗಾಯವನ್ನು ಸೋಪು ಹಾಕಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಬೇಕು, ಮನೆಯ ನಾಯಿಯೇ ಆದರೂ.

— ಊಟದ ಮೇಜಿನ ಹತ್ತಿರವೂ ಅದರ ಕಾಟ ತಡೆಯಲಾಗುವುದಿಲ್ಲ. ನಾವು ಕೂತರೆ ಬೊಗಳಲು ಶುರು. ನಾವು ಏನೂ ಕೊಡುವುದಿಲ್ಲ ದೊಡ್ಡಪ್ಪ. ಅತ್ತೆ ಮಾತ್ರ ಯಾವಾಗಲಾದರೊಮ್ಮೆ ದೋಸೆಯ ಅಂಚು ಹಾಕುತ್ತಾರೆ.

— ಯಾವಾಗಲಾದರೊಮ್ಮೆ ಹಾಕುವುದೇ ದಿನಾ ಹಾಕುವುದಕ್ಕಿಂತ ಕಷ್ಟ. ಸ್ಕಿನ್ನರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಸನ್ನೆ ಒತ್ತಿದ ಇಲಿಗಳಿಗೆ ಪ್ರತಿಸಲವೂ ಒಂದೊಂದು ಗುಳಿಗೆ ತಿಂಡಿ ಕೊಡುತ್ತಿದ್ದರು. ಒಂದು ಶನಿವಾರ ಗುಳಿಗೆ ಸೋಮವಾರದ ತನಕ ಸಾಲುವುದಿಲ್ಲವೆಂದು ಕಂಡು, ನಿಮಿಷಕ್ಕೊಮ್ಮೆ ಮಾತ್ರ ಕೊಡುವಂತೆ ಮಾಡಿದರು. ಆಗ ತಿಳಿದದ್ದು ಇದು: ಅಪರೂಪಕ್ಕೆ ತಿಂಡಿ ಸಿಕ್ಕಿದ ಪ್ರಾಣಿ, ಪೂರ್ತಿ ನಿಲ್ಲಿಸಿದ ಮೇಲೂ ಬಹಳ ಹೊತ್ತು ಪ್ರಯತ್ನ ಬಿಡುವುದಿಲ್ಲ. ನಿಮ್ಮ ನಾಯಿಯೂ ಹಾಗೆಯೇ. ಇವತ್ತು ಸಿಗಲಿಲ್ಲ, ನಾಳೆ ಸಿಕ್ಕೀತು. ನೀವು ಕೊಡುವುದನ್ನು ನಿಲ್ಲಿಸಿದ ಮೊದಲ ಕೆಲವು ದಿನ ಬೊಗಳುವುದು ಜಾಸ್ತಿಯೇ ಆಗುತ್ತದೆ. ಆಗಲೇ ಎಲ್ಲರೂ ಸೋಲುವುದು. ತಡೆಯಲಾರದೆ ಒಂದು ಚೂರು ಹಾಕಿದಿರೋ, ಜೋರಾಗಿ ಬೊಗಳಿದರೆ ಸಿಗುತ್ತದೆ ಅಂತ ಕಲಿಸಿದಿರಿ. ಅತ್ತೆಗೆ ನಯವಾಗಿ ಹೇಳು. ಪ್ರೀತಿಯಿಂದ ಕೊಡಬೇಕು ಅನಿಸಿದರೆ ಊಟವಾದ ಮೇಲೆ ಅದರ ತಟ್ಟೆಗೇ ಹಾಕಲಿ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ಮಾತ್ರ ಎಂದೂ ಬೇಡ, ನಾಯಿಗೆ ಅವು ವಿಷ.

— ಅತ್ತೆ ಅದಕ್ಕೆ ‘ಕೂತ್ಕೋ’ ಅಂತಾರೆ, ಇವರು ‘ಸಿಟ್’ ಅಂತಾರೆ, ಮಗ ‘ಡೌನ್’ ಅಂತಾನೆ.

— ಯಾವುದಾದರೂ ಒಂದನ್ನು ಹಿಡಿಯಿರಿ, ಮನೆಮಂದಿಯೆಲ್ಲ ಅದನ್ನೇ ಹೇಳಿ. ಒಂದೇ ಸಲ ಹೇಳಿ. ‘ಸಿಟ್ ಸಿಟ್ ಸಿಟ್’ ಅಂತ ಐದು ಸಲ ಹೇಳಿದರೆ ಐದನೆಯದಕ್ಕೆ ಕೂತರಾಯಿತು ಅಂತ ಅದು ತಿಳಿಯುತ್ತದೆ. ಇದರ ಬಗ್ಗೆ ಇನ್ನೇನೂ ಹೇಳಬೇಕಾಗಿಲ್ಲ.

— ಹೊರಗಿನವರನ್ನು ಕಂಡರೆ ಇದಕ್ಕೆ ವಿಪರೀತ ದಿಗಿಲು. ಹೆಲ್ಮೆಟ್ ಹಾಕಿಕೊಂಡವರು ಬಂದರಂತೂ ಮಂಚದ ಕೆಳಗೆ.

— ಎಷ್ಟು ದಿನದ ಮರಿ ತಂದಿರಿ?

— ಒಂದೂವರೆ ತಿಂಗಳದ್ದು. ಲಸಿಕೆ ಮುಗಿಯುವ ತನಕ ಮನೆಯಿಂದ ಹೊರಗೆ ತರಲಿಲ್ಲ.

— ಇದು ನನಗೆ ಸಂಕಟದ ವಿಷಯ. ಅಮೆರಿಕದ ಸ್ಕಾಟ್ ಮತ್ತು ಫುಲರ್ ಎಂಬವರು ವರ್ಷಗಟ್ಟಲೆ ಮರಿಗಳನ್ನು ಬೆಳೆಸಿ ನೋಡಿ 1965ರಲ್ಲಿ ಪುಸ್ತಕ ಬರೆದರು. ಸುಮಾರು 3ನೆಯ ವಾರದಿಂದ 12ನೆಯ ವಾರದವರೆಗೆ ಮರಿಯ ಮನಸ್ಸು ತೆರೆದಿರುತ್ತದೆ. ಆಗ ಕಂಡದ್ದು, ಕೇಳಿದ್ದು ಅದಕ್ಕೆ ತನ್ನದಾಗುತ್ತದೆ, ಆಗ ಕಾಣದ್ದು ಮುಂದೆ ಭಯವಾಗಬಹುದು. 2020ರ ಆಗಸ್ಟಿನಲ್ಲಿ ಪ್ರಧಾನಿಯವರು ರೇಡಿಯೊದಲ್ಲಿ ಮುಧೋಳದ ಹೆಸರು ಹೇಳಿದ ಮೇಲೆ ಊರೂರಿನವರು ಮರಿ ಕೇಳತೊಡಗಿದರು. ಕೇಳುವವರು ಎಷ್ಟೇ ಇರಲಿ, ತಾಯಿ, ಒಡಹುಟ್ಟಿದವರ ಜೊತೆ ಕಚ್ಚಾಡಿ ಹಲ್ಲಿನ ಹದ ಕಲಿಯುವ ಮೊದಲೇ ಮರಿಯನ್ನು ಬೇರೆ ಮಾಡಿ ಮಾರಬಾರದು. ಎಂಟು ವಾರವಾದರೂ ತಾಯಿಯ ಜೊತೆ ಇರಬೇಕು. ಇನ್ನು ಲಸಿಕೆ ಮುಗಿಯದ ಮರಿಯನ್ನು ಬೀದಿಯ ನೆಲಕ್ಕೆ ಬಿಡಬಾರದು, ನಿಜ. ಎತ್ತಿಕೊಂಡು ಬೀದಿ ತೋರಿಸಬಹುದಿತ್ತು: ಬಸ್ಸು, ಹೆಲ್ಮೆಟ್ಟು, ಕೊಡೆ, ಮುದುಕರು, ಮಕ್ಕಳು, ಮಿಕ್ಸಿಯ ಸದ್ದು.

— ಈಗ ತಡವಾಯಿತೇ?

— ನಿಧಾನವಾಗುತ್ತದೆ, ಆದರೂ ಆಗುತ್ತದೆ. ಹೆಲ್ಮೆಟ್ಟನ್ನು ನೆಲದ ಮೇಲಿಟ್ಟು ಸುತ್ತ ತಿಂಡಿ ಹರಡು. ಅದಾಗಿಯೇ ಹತ್ತಿರ ಬರಲಿ, ಎಳೆಯಬೇಡ. ನೆಂಟರು ಬಂದರೆ ಮುಟ್ಟಬೇಡಿ, ಕಣ್ಣಿಟ್ಟು ನೋಡಬೇಡಿ ಅನ್ನು. ಕಟ್ಟಿಹಾಕುವುದನ್ನು ಮಾತ್ರ ಆದಷ್ಟು ಕಡಿಮೆ ಮಾಡಿ. ಹಗಲೆಲ್ಲ ಸರಪಳಿಯಲ್ಲಿದ್ದ ನಾಯಿಗೆ ಹೆದರಿಕೆಯಾದರೆ ಓಡಿಹೋಗಲು ದಾರಿಯಿಲ್ಲ, ಹಾಗಾಗಿ ಮೇಲೆ ಬೀಳುವುದನ್ನು ಕಲಿಯುತ್ತದೆ. ಕಾವಲಿಗೆ ಒಳ್ಳೆಯದು ಅಂತ ಹಾಗೆ ಕಟ್ಟುವವರಿದ್ದಾರೆ. ನನ್ನ ಮಟ್ಟಿಗೆ ಅದು ಕ್ರೌರ್ಯ.

— ಇಷ್ಟೆಲ್ಲ ಮಾಡಿದರೆ ದಾರಿಗೆ ಬರುತ್ತದೆ ಅಂತೀರಾ? ಮೊದಲು ‘ಸಿಟ್’ ಅಂದರೆ ಕೂರುತ್ತಿತ್ತು, ಈಗ ಅದೂ ಇಲ್ಲ. ಅದಕ್ಕೇ ಇವರಿಗೆ ಬೇಸರ.

— ಎಂಟು ತಿಂಗಳು ಅಂದೆಯಲ್ಲ. ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರು ಕುರುಡರಿಗೆ ದಾರಿ ತೋರಿಸಲು ಸಿದ್ಧವಾಗುತ್ತಿದ್ದ ನಾಯಿಗಳನ್ನು ಪರೀಕ್ಷಿಸಿ 2020ರಲ್ಲಿ ಬರೆದಿದ್ದಾರೆ. ಐದು ತಿಂಗಳಲ್ಲಿ ಮಾತು ಕೇಳುತ್ತಿದ್ದ ನಾಯಿ ಎಂಟನೆಯ ತಿಂಗಳಲ್ಲಿ ಕೇಳುವುದು ಕಡಿಮೆ. ಅದೂ ಸಾಕಿದವರ ಮಾತನ್ನು, ಹೊರಗಿನವರ ಮಾತನ್ನಲ್ಲ. ವರ್ಷ ತುಂಬುವ ಹೊತ್ತಿಗೆ ಸರಿಹೋಗುತ್ತದೆ. ಹರೆಯ ಅಷ್ಟೆ. ಹಲವರು ನಾಯಿಯನ್ನು ಬಿಟ್ಟುಬಿಡುವುದೂ ಈ ವಯಸ್ಸಿನಲ್ಲೇ. ತೋಟಕ್ಕೆ ಕೊಟ್ಟರೆ ಅಲ್ಲಿ ಅದನ್ನು ಕಟ್ಟಿಹಾಕುತ್ತಾರೆ, ಅಥವಾ ಅದು ಪಕ್ಕದವರ ಕೋಳಿ ಹಿಡಿದು ಪೆಟ್ಟು ತಿನ್ನುತ್ತದೆ. ಕಾರಣವಿಲ್ಲದೆ ಸಾಕುಪ್ರಾಣಿಯನ್ನು ಎಲ್ಲೋ ಬಿಟ್ಟು ಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ನಿನ್ನ ಗಂಡನಿಗೆ ನಾನೇ ಫೋನ್ ಮಾಡುತ್ತೇನೆ. ವರ್ಷ ತುಂಬುವ ತನಕ ಆ ಮಾತೆತ್ತಬೇಡಿ ಅನ್ನುತ್ತೇನೆ. ನೀನು ಹೋಗುವಾಗ ದಾರಿಯಲ್ಲಿ ಒಂದು ಸೀಟಿ ಕೊಂಡುಕೊ, ಹೊಡೆಯುವುದನ್ನು ಈ ರಾತ್ರಿಯಿಂದಲೇ ನಿಲ್ಲಿಸಿ.